ದಾಸವಾಳದ ಗೆಲ್ಲು ಮತ್ತು ನನ್ನ ಆನ್‌ಲೈನ್ ಕ್ಲಾಸು

ಮಕ್ಕಳು ಗಲಾಟೆ ಮಾಡದ ತರಗತಿಯೇ ಒಳ್ಳೆಯ ತರಗತಿ ಎಂದು ಇಪ್ಪತ್ತೆರಡು ವರ್ಷ ನಂಬಿದವಳು ನಾನು. "ಬಾಯಿ ಮುಚ್ಚಿ" ಎಂದು ಕೂಗಿ ಕೂಗಿ ನನ್ನ ಗಂಟಲು ಎಷ್ಟು ಪಳಗಿತ್ತೆಂದರೆ, ಮನೆಯಲ್ಲಿ ಕುಕ್ಕರ್ ಕೂಗಿದರೂ ಅದೇ ಮಾತು ಹೊರಬೀಳುತ್ತಿತ್ತು. ಶಾಲೆ ಮುಚ್ಚಿ ಆನ್‌ಲೈನ್ ಪಾಠ ಶುರುವಾದಾಗ, ಒಂದು ಗುಂಡಿ ಒತ್ತಿದರೆ ಮೂವತ್ತೊಂದು ಬಾಯಿ ಒಟ್ಟಿಗೆ ಮುಚ್ಚುತ್ತದೆಂದು ತಿಳಿದು ದೇವರಿಗೆ ಕೈಮುಗಿದೆ.

ಒಂದೇ ವಾರದಲ್ಲಿ ಆ ಮೌನ ಹೆದರಿಸತೊಡಗಿತು. ಪುತ್ತೂರಿನ ನನ್ನ ಮನೆಯ ಊಟದ ಮೇಜಿನಲ್ಲಿ ಸಕ್ಕರೆ ಡಬ್ಬಕ್ಕೆ ಫೋನು ಒರಗಿಸಿ, "ಅರ್ಥ ಆಯ್ತಾ ಮಕ್ಳೇ?" ಎಂದರೆ ಉತ್ತರವಿಲ್ಲ. ಶಾಲೆಯಲ್ಲಾದರೆ ಅರ್ಥವಾಗದಿದ್ದರೂ "ಆಯ್ತೂ ಟೀಚರ್" ಎಂದು ಮಾಡಿನ ಹಂಚು ಹಾರುವಂತೆ ಕೂಗುವ ಮಕ್ಕಳು! ಹೆಸರು ಹಿಡಿದು ಕೇಳಿದರೆ ಮುಖವೇ ಮಾಯ. ಹಿಂದೆಯೇ ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ "ನೆಟ್‌ವರ್ಕ್ ಹೋಯ್ತು ಟೀಚರ್" ಎಂಬ ಸಂದೇಶ. ನೆಟ್‌ವರ್ಕಿಲ್ಲದೆ ಸಂದೇಶ ಹೇಗೆ ಬಂತೆಂದು ನಾನು ಕೇಳುತ್ತಿರಲಿಲ್ಲ.

ಹೆಡ್‌ಮಾಸ್ಟರಿಗೆ ಸುದ್ದಿ ಮುಟ್ಟಿತು. "ಮಕ್ಕಳು ಮಾತೇ ಆಡುದಿಲ್ಲಾಂದ್ರೆ ಕ್ಲಾಸ್ ಎಂತಕ್ಕೆ ಟೀಚರ್? ವಿಡಿಯೋ ಮಾಡಿ ಗ್ರೂಪಿಗೆ ಹಾಕಿದ್ರೆ ಸಾಕಲ್ಲ? ಶುಕ್ರವಾರ ನಾನೇ ಬಂದು ನೋಡ್ತೇನೆ" ಎಂದರು. ದಿನಕ್ಕೊಮ್ಮೆ ಆ ಪುಟ್ಟ ಚೌಕಗಳಲ್ಲಿ ಮಕ್ಕಳ ಮುಖ ಕಾಣುವುದೂ ತಪ್ಪುತ್ತದಲ್ಲ ಎಂದು ಸಂಕಟವಾಯಿತು. ಹಾಗಾಗಿ ಒಂದು ಸಣ್ಣ ಕಳ್ಳತನ ಮಾಡಿದೆ: ಐವರ್ನಾಡಿನ ಅನ್ವಿತಾಳಿಗೆ ಪ್ರಶ್ನೆ, ಉತ್ತರ ಎರಡನ್ನೂ ಮೊದಲೇ ಕಳಿಸಿದೆ.

ಶುಕ್ರವಾರದ ಪಾಠ, ಗೆಲ್ಲಿನಿಂದ, ಅಂದರೆ ಕತ್ತರಿಸಿದ ರೆಂಬೆಯಿಂದ, ಗಿಡ ಮಾಡುವುದು. ಅಷ್ಟು ವರ್ಷ ಬೋರ್ಡಿನಲ್ಲಿ ಚಿತ್ರ ಬಿಡಿಸಿದ್ದೇ ಹೊರತು ಒಂದು ಗೆಲ್ಲನ್ನೂ ನೆಟ್ಟವಳಲ್ಲ. ಹೆಡ್‌ಮಾಸ್ಟರಿಗಾಗಿ ಹೂವಿನ ಚಟ್ಟಿ, ಮಣ್ಣು ಜೋಡಿಸಿ, ಪಕ್ಕದ ಮನೆಯಿಂದ ತಂದ ದಾಸವಾಳದ ಗೆಲ್ಲಿನ ಎಲೆ ಕಿತ್ತು, ಕ್ಯಾಮೆರಾದ ಹತ್ತಿರವೇ ಹಿಡಿದು ಗಂಭೀರವಾಗಿ ನೆಟ್ಟೆ. "ಈಗ ಅನ್ವಿತಾ ಹೇಳ್ತಾಳೆ" ಎಂದೆ. ಅನ್ವಿತಾ ಮಾಯ. ಆ ಸಲ ನಿಜವಾಗಿಯೂ ನೆಟ್‌ವರ್ಕ್ ಹೋಗಿತ್ತಂತೆ. ಹೆಡ್‌ಮಾಸ್ಟರು ತಮ್ಮ ಚೌಕದಲ್ಲಿ ಕನ್ನಡಕ ಸರಿಮಾಡಿಕೊಂಡರು. ಗಾಬರಿಯಲ್ಲಿ "ಯಾರಾದ್ರೂ ಮೈಕ್ ಆನ್ ಮಾಡಿ" ಎಂದೆ. ಮಾಡಿದವಳು ಕೊಲ್ಲಮೊಗ್ರಿನ ಮೋಕ್ಷಾ, ಆವರೆಗೆ ಒಂದಕ್ಷರ ಆಡದವಳು. ಆದರೆ ಕೇಳಿಸಿದ್ದು ಅವಳ ಅಜ್ಜಿಯ ನಗು.

"ಅಯ್ಯೋ, ನಿನ್ನ ಟೀಚರು ಗೆಲ್ಲನ್ನು ತಲೆಕೆಳಗೆ ನೆಟ್ಟಿದ್ದಾರಲ್ಲ ಮಾರಾಯ್ತಿ!"

"ಅಜ್ಜಿ, ಮೆಲ್ಲ! ಮೈಕ್ ಆನ್ ಉಂಟು!"

"ಇರ್ಲಿ. ಟೀಚರ್, ಎಲೆ ಕಿತ್ತಲ್ಲಿ ಚಿಗುರಿನ ಕಣ್ಣು ಉಂಟಲ್ಲ, ಅದು ಆಕಾಶ ನೋಡ್ಬೇಕು. ನಿಮ್ಮದು ಪಾತಾಳ ನೋಡ್ತಾ ಉಂಟು."

ಪಟಪಟನೆ ಮೈಕುಗಳು ತೆರೆದುಕೊಂಡವು. "ತಲೆಕೆಳಗೆ ನೆಟ್ರೆ ಸಾಯ್ತದಾ ಟೀಚರ್?" "ಬೇರು ಎಲ್ಲಿಂದ ಬರುದು?" "ನಮ್ಮಲ್ಲಿ ಕರಿಮೆಣಸಿನ ಬಳ್ಳಿ ಉಂಟು, ತರ್ಲಾ?" ನಡುವೆ ಯಾರದೋ ಕೋಳಿ, ಯಾರದೋ ಮಿಕ್ಸಿ. ಮೋಕ್ಷಾ ಅಂಗಳಕ್ಕೆ ಓಡಿ ಗೆಲ್ಲು ತಂದು, ಓರೆಯಾಗಿ ಕತ್ತರಿಸಿ, ನೆಟ್ಟು ತೋರಿಸಿದಳು. ಬಾಯಿ ಮುಚ್ಚಿ ಎನ್ನಲು ನನಗೆ ನೆನಪೇ ಆಗಲಿಲ್ಲ. ಕೊನೆಗೆ ಹೆಡ್‌ಮಾಸ್ಟರು, "ವಿಡಿಯೋ ಬೇಡ ಟೀಚರ್, ಕ್ಲಾಸ್ ಹೀಗೇ ಇರ್ಲಿ. ಅಜ್ಜಿಯನ್ನು ಮಾತ್ರ ಕೈಬಿಡ್ಬೇಡಿ" ಎಂದರು.

ತಿಂಗಳೊಳಗೆ ಮಕ್ಕಳೆಲ್ಲ ತಮ್ಮ ತಮ್ಮ ಮನೆಯಲ್ಲಿ ನೆಟ್ಟ ಗೆಲ್ಲುಗಳು ಒಂದೊಂದಾಗಿ ಚಿಗುರಿದವು. ನಾನೂ ನನ್ನ ಗೆಲ್ಲನ್ನು ತಿರುಗಿಸಿ ನೆಟ್ಟಿದ್ದೆ. ಬೇರು ಬಂತೋ ಎಂದು ದಿನಾ ಕಿತ್ತು ನೋಡಿದ್ದು ತಪ್ಪಾಯಿತೇನೋ. ಒಂದು ದಿನ ತುಂಬಿದ ಕ್ಲಾಸಿನಲ್ಲಿ ಮೋಕ್ಷಾ ಕೇಳಿಯೇಬಿಟ್ಟಳು: "ಟೀಚರ್, ನಿಮ್ಮದು ಚಿಗುರಿತಾ? ಅಜ್ಜಿ ಕೇಳ್ತಿದ್ದಾರೆ."

ನಾನು ಮೆಲ್ಲನೆ ಕ್ಯಾಮೆರಾ ಆರಿಸಿ, ಗ್ರೂಪಿನಲ್ಲಿ ಬರೆದೆ: "ನೆಟ್‌ವರ್ಕ್ ಹೋಯ್ತು ಮಕ್ಕಳೇ."