ಆರನೆಯ ಬಿರಡೆ

ಡೆಲ್ಮರ್ ಫ್ರಿಟ್ಜ್ ಕೊರೆದ ಮೊದಲ ತೂತು ಕೂದಲೆಳೆಯಷ್ಟು ಮಾತ್ರ ಓರೆಯಾಗಿತ್ತು. ಅಲ್ಲಿಗೇ ಕೈಬಿಟ್ಟು ತಪ್ಪಾಯಿತು ಎಂದಿದ್ದರೆ ಒಂದು ಬೈಗುಳಕ್ಕೆ ಮುಗಿಯುತ್ತಿತ್ತು. ಆದರೆ ಬಡವನಿಗೆ ಒಂದು ತಪ್ಪು ಮಾಡಿ ಸುಮ್ಮನಿರುವಷ್ಟು ಧೈರ್ಯ ಎಲ್ಲಿಂದ ಬರಬೇಕು? ಅದನ್ನು ಸರಿಮಾಡಲು ಪಕ್ಕದಲ್ಲೇ ಇನ್ನೊಂದು ಮಾಡುತ್ತಾನೆ. ಬೆಳಿಗ್ಗೆ ಹತ್ತು ಗಂಟೆಯೊಳಗೆ ಆ ಬಂದೂಕಿನ ಉಕ್ಕಿನ ಒಡಲು ಮೆಣಸುಪುಡಿ ಡಬ್ಬಿಯ ಮುಚ್ಚಳದಂತಾಗಿತ್ತು.

ಬಂದೂಕು ಅವನದ್ದಲ್ಲ. ಮಾವ ಓರ್ವಿಲ್ ಸ್ಟ್ರಾಸರ್‌ನ ತೀರಿಹೋದ ತಮ್ಮ ಮರ್ಲ್‌ನದ್ದು. ಓರ್ವಿಲ್ ಬರೀ ಮಾವನಲ್ಲ, ಡೆಲ್ಮರ್ ದುಡಿಯುವ ಗರಗಸದ ಮಿಲ್ಲಿನ ಮೇಸ್ತ್ರಿ. ಡೆಲ್ಮರ್ ಅವನನ್ನು ಊಟದ ಮೇಜಿನ ಮುಂದೆಯೂ ‘ಸಾರ್’ ಎನ್ನುತ್ತಿದ್ದ. ಕ್ರಿಸ್‌ಮಸ್ ಕಳೆದ ಮೇಲೆ ಮಿಲ್ಲಿನಲ್ಲಿ ಆರು ಜನರನ್ನು ಮನೆಗೆ ಕಳಿಸುತ್ತಾರೆಂದು ಊರಿಗೆಲ್ಲ ಗೊತ್ತಿತ್ತು. ಆ ಆರು ಹೆಸರು ಎಲ್ಲಿ ನಿಕ್ಕಿಯಾಗುತ್ತದೆಂಬುದೂ ಗೊತ್ತಿತ್ತು. ಆಫೀಸಿನಲ್ಲಲ್ಲ. ಜಿಂಕೆ ಬೇಟೆಯ ಮೊದಲ ದಿನದ ಹಿಂದಿನ ಸಂಜೆ, ಗುಡ್ಡದ ಮೇಲಿನ ಮರದ ಮನೆಯಲ್ಲಿ, ಇಸ್ಪೀಟು ಹಂಚುತ್ತಾ. ಅಲ್ಲಿ ಹಾಸಿಗೆ ಇದ್ದವನ ಹೆಸರು ಯಾವತ್ತೂ ಆ ಪಟ್ಟಿಗೆ ಬಿದ್ದದ್ದಿಲ್ಲ.

ಹನ್ನೊಂದು ವರ್ಷ ಅಳಿಯನಾಗಿ ಕಾದ ಮೇಲೆ ನಿನ್ನೆ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಟರ್ಕಿ ಕೋಳಿಯ ಕಾಲನ್ನು ಚೀಪುತ್ತಾ ಓರ್ವಿಲ್ ಹೇಳಿದ್ದ:

“ಮರ್ಲ್ ಬಂದೂಕಿಗೊಂದು ದುರ್ಬೀನು ಕೂರಿಸಿಡು. ನನ್ನ ಕಣ್ಣು ಸಾಲ್ತಾ ಇಲ್ಲ. ನಾಳೆ ನಾಲ್ಕಕ್ಕೆ ಬರ್ತೀನಿ. ಕೆಲಸ ಸರಿ ಇದ್ರೆ ನೀನೂ ಗಾಡಿ ಹತ್ತು. ಒಂದು ಹಾಸಿಗೆ ಖಾಲಿ ಇದೆ.”

ಕತ್ತಲಾಗುವ ಮೊದಲೇ ಆ ಸುದ್ದಿ ಬೇಲಿ ದಾಟಿ ನೆರೆಮನೆಗಳಿಗೆ ಮುಟ್ಟಿತು. ಆ ರಾತ್ರಿ ಡೆಲ್ಮರ್‌ಗೆ ನಿದ್ದೆಯಿಲ್ಲ. ಬೆಳಗಾಗುತ್ತಲೇ ಪಕ್ಕದ ಮನೆಯ ಎಲ್ಡನ್ ಹತ್ತಿರ ಕೊರೆಯುವ ಯಂತ್ರ ಕೇಳಿ ತಂದ. ಎಲ್ಡನ್ ನಲವತ್ತು ವರ್ಷ ಲೇತ್ ತಿರುಗಿಸಿದವನು. ಮೊಣಕಾಲು ಕೆಟ್ಟು ಬೇಟೆ ಬಿಟ್ಟಿದ್ದ. ಅವನ ಮಗನೂ ಅದೇ ಮಿಲ್ಲಿನಲ್ಲಿ ಹಲಗೆ ಹೊರುತ್ತಿದ್ದ. ಅಷ್ಟಾದರೂ ಮುದುಕ ಎರಡು ಮಾತಿಲ್ಲದೆ ಯಂತ್ರ ಕೊಟ್ಟ.

ದುರ್ಬೀನಿಗೆ ಬೇಕಾದ್ದು ನಾಲ್ಕು ತೂತು. ಮೊದಲ ನಾಲ್ಕೂ ಓರೆ. ಆಮೇಲೆ ಡೆಲ್ಮರ್ ಯಂತ್ರದ ಕತ್ತನ್ನು ಎಡಗೈಯಲ್ಲಿ ಕೋಳಿಯ ಕತ್ತಿನಂತೆ ಅವುಚಿ ಹಿಡಿದು ಕೊರೆದ. ಆ ನಾಲ್ಕು ಸರಿ ಕೂತವು. ದುರ್ಬೀನೂ ಕೂತಿತು. ಉಳಿದ ತೂತುಗಳು ಮಾತ್ರ ಬಾಯಿ ತೆರೆದುಕೊಂಡು ನಗುತ್ತಿದ್ದವು.

ಹೆಂಡತಿ ಜೋನೆಲ್ ಬಾಗಿಲಲ್ಲಿ ನಿಂತು ಹಣೆ ಚಚ್ಚಿಕೊಂಡಳು. “ಅಪ್ಪಂಗೆ ನಿಜ ಹೇಳ್ಬಿಡು.”

“ನಿಮ್ಮಪ್ಪಂಗೆ ನಿಜ ಹೇಳಿದವ್ರು ಈಗ ಎಲ್ಲಿದಾರೆ, ಗೊತ್ತಾ? ಪೆಟ್ರೋಲ್ ಬಂಕಲ್ಲಿ ಗಾಜು ಒರೆಸ್ತಾ ಇದಾರೆ.”

ಬೇಲಿಯಾಚೆಯಿಂದ ಇನ್ನೊಂದು ಬದಿಯ ಮನೆಯ ವೀಡಾ ಕತ್ತು ಚಾಚಿದಳು. ಅವಳ ಬಾಯಲ್ಲಿ ಸಿಗರೇಟು ಆರಿದರೂ ಆರುತ್ತಿತ್ತು, ಸಲಹೆ ಆರುತ್ತಿರಲಿಲ್ಲ.

“ಏನೋ ಅದು, ಬಂದೂಕೋ ಕೊಳಲೋ? ತಡಿ, ನನ್ನತ್ರ ಮದ್ದಿದೆ.”

ಮದ್ದೆಂದರೆ ಬಚ್ಚಲು ತೊಟ್ಟಿಯ ಬಿರುಕಿಗೆ ಮೆತ್ತುವ ಬಿಳಿ ಅಂಟು. ಡೆಲ್ಮರ್ ಬೇಡವೆನ್ನುವ ಮೊದಲೇ ಮೆತ್ತಿಯೂ ಆಗಿತ್ತು. ಮೇಲೆ ಒಲೆಗೆ ಹಚ್ಚುವ ಕರಿ ಬಳಿದಳು. ಎರಡೂ ಕಲೆತು, ಸೇತುವೆಯ ಕೆಳಗೆ ಪಾರಿವಾಳಗಳು ಬಿಟ್ಟುಹೋದ ಬಣ್ಣಕ್ಕೆ ಬಂತು.

“ಚೂರು ದೂರ ನಿಂತು ನೋಡಿದ್ರೆ ಗೊತ್ತಾಗಲ್ಲ,” ಎಂದಳು ವೀಡಾ.

“ಎಷ್ಟು ದೂರ?”

“ರಸ್ತೆಯಿಂದ.”

ಅದನ್ನು ಕೆರೆದು ತೆಗೆಯುವ ಹೊತ್ತಿಗೆ ಮಧ್ಯಾಹ್ನ. ಕೆರೆದು ನೋಡಿದರೆ ತೂತು ನಾಲ್ಕಲ್ಲ, ಐದು. ಐದನೆಯದು ಎಡಮಗ್ಗುಲಲ್ಲಿ, ಹೆಬ್ಬೆರಳು ಬರುವಲ್ಲಿ, ಎಲ್ಲಕ್ಕಿಂತ ಓರೆ. ಯಾವಾಗ ಕೊರೆದನೋ ಅವನಿಗೇ ನೆನಪಿಲ್ಲ. ಆದರೆ ಅನುಮಾನವೂ ಬರಲಿಲ್ಲ. ಹನ್ನೊಂದು ವರ್ಷ ಎಲ್ಲರ ತಪ್ಪನ್ನೂ ತನ್ನದೆಂದು ಒಪ್ಪಿಕೊಂಡವನಿಗೆ ಇನ್ನೊಂದು ಭಾರವೇ?

ಕೊನೆಗೆ ಎಲ್ಡನ್‌ನ ಬಾಗಿಲು ತಟ್ಟಿದ. ಮುದುಕ ಕನ್ನಡಕ ಏರಿಸಿಕೊಂಡು, ಎಡಮಗ್ಗುಲಿನ ತೂತಿನ ಮೇಲೆ ಬೆರಳಾಡಿಸಿದ.

“ಇದು ಹಳೇದರ ಥರ ಇದೆಯಲ್ಲೋ, ಮಗಾ?”

“ನಾನು ಮಾಡಿದ್ದು ಮಾಡ್ತಾ ಇದ್ದ ಹಾಗೇ ಹಳೇದಾಗುತ್ತೆ, ಎಲ್ಡನ್.”

“ನಿಂದೇ ಅಂತೀಯ?”

“ನಂದೇ.”

“ಗ್ಯಾರಂಟಿ?”

“ದೇವರಾಣೆ!”

“ಸರಿಯಪ್ಪ. ನೀನೇ ಹೇಳಿದ್ದು, ನಾನಲ್ಲ.”

ಎಲ್ಡನ್ ಉಕ್ಕಿನ ಕಡ್ಡಿಗೆ ತಿರುಪಿನ ಸುತ್ತು ಕೊರೆದು ಚಿಕ್ಕ ಚಿಕ್ಕ ಬಿರಡೆಗಳನ್ನು ಕತ್ತರಿಸಿದ. ತಿರುಪಿ ಕೂರಿಸಿ, ಅರದಿಂದ ಉಜ್ಜಿ ಮಟ್ಟ ಮಾಡಿ, ಕಪ್ಪು ಹಿಡಿಸಿದ. ತಾಯಿ ಮಗುವಿನ ಗಾಯ ಕಟ್ಟುವಷ್ಟು ಮೃದುವಾದ ಕೈ. ಡೆಲ್ಮರ್ ಬೆರಳಾಡಿಸಿ ನೋಡಿದ. ಎಲ್ಲಿ ತೂತಿತ್ತೆಂದು ಅವನಿಗೇ ತಿಳಿಯಲಿಲ್ಲ. ಅಳು ಬಂತು.

“ಆರು ಕತ್ತರಿಸಿದ್ರಿ. ಒಂದು ಉಳೀತಲ್ಲ?”

“ಜೇಬಲ್ಲಿಟ್ಕೋ. ನಿನ್ನ ಕೈ ನಂಗೆ ಗೊತ್ತಿಲ್ವ!”

ಆಮೇಲೆ ಎಲ್ಡನ್ ತಾನೇ ಡೆಲ್ಮರ್‌ನ ಕೊಟ್ಟಿಗೆಗೆ ಬಂದ. ಯಂತ್ರದ ಕತ್ತಿನಲ್ಲಿದ್ದ ಒಂದು ಸ್ಕ್ರೂವನ್ನು ಅರ್ಧ ಸುತ್ತು ಬಿಗಿಮಾಡಿ, “ಚೂರು ಸಡಿಲ ಇತ್ತು,” ಎಂದು ಹೊರಟುಹೋದ. ಡೆಲ್ಮರ್ ಅವನ ಬೆನ್ನಿಗೆ ಕೈಮುಗಿಯುವುದೊಂದು ಬಾಕಿ.

ನಾಲ್ಕಕ್ಕೆ ಸರಿಯಾಗಿ ಗಾಡಿ ಬಂತು. ಒಳಗೆ ಮಿಲ್ಲಿನ ಇಬ್ಬರು. ಡೆಲ್ಮರ್ ಬೇಟೆಗಾರರ ಕಿತ್ತಳೆ ಕೋಟು ತೊಟ್ಟು, ಚೀಲ ಹೆಗಲಿಗೆ ಹಾಕಿಕೊಂಡೇ ನಿಂತಿದ್ದ. ಓರ್ವಿಲ್ ದುರ್ಬೀನಿನಲ್ಲಿ ಕಣ್ಣಿಟ್ಟು ನೋಡಿದ. ಮೀಸೆ ಅಲುಗಿತು, ಅವನ ಮಟ್ಟಿಗೆ ಅದು ಹೊಗಳಿಕೆ. ಅಷ್ಟರಲ್ಲಿ ಅವನ ಹೆಬ್ಬೆರಳು ಎಡಮಗ್ಗುಲಿಗೆ ಹೋಯಿತು. ಹಿಂದೆ ಸರಿಯಿತು. ಮುಂದೆ ಸರಿಯಿತು. ಕತ್ತಲಲ್ಲಿ ಚಿಲಕ ಹುಡುಕಿದ ಹಾಗೆ ತಡಕಾಡಿತು.

“ಎಲ್ಲಿ?”

“ಏನು ಸಾರ್?”

“ಮರ್ಲ್ ತೂತು! ಎಪ್ಪತ್ತೊಂದನೇ ಇಸವೀಲಿ ಕುಡಿದು ಕೊರೆದಿದ್ನಲ್ಲ, ಆ ಓರೆ ತೂತು! ಮಾರನೇ ಬೆಳಿಗ್ಗೇನೇ ಹತ್ತು ಕವಲಿನ ಕೊಂಬಿನ ಗಂಡು ಜಿಂಕೆ ಬಿತ್ತು. ಅವತ್ತಿಂದ ಅದರ ಮೇಲೆ ಹೆಬ್ಬೆರಳು ಇಡದೆ ಒಬ್ಬನೂ ಕಾಡಿಗೆ ಕಾಲಿಟ್ಟಿಲ್ಲ!”

ಗಾಡಿಯಲ್ಲಿದ್ದ ಇಬ್ಬರೂ ಟೋಪಿ ತೆಗೆದರು, ಹೆಣದ ಮುಂದೆ ತೆಗೆದಂತೆ.

“ಅದು... ನಾನೇ ಕೊರೆದದ್ದು ಅಂದ್ಕೊಂಡು ಮುಚ್ಚಿಸಿದೆ, ಸಾರ್.”

ಓರ್ವಿಲ್ ಬಂದೂಕನ್ನು ಅವನ ಕೈಗೆ ತುರುಕಿದ. ಆಮೇಲೆ ಹೇಳಿದ: “ಮತ್ತೆ ಕೊರಿ. ಓರೆಯಾಗಿ.”

ಡೆಲ್ಮರ್‌ನ ಎದೆ ಹಗುರಾಯಿತು. ಓರೆಯೇ? ಅದಕ್ಕಾಗಿಯೇ ಅವನು ಹುಟ್ಟಿದ್ದಲ್ಲವೇ! ಎಲ್ಲರೂ ಕೊಟ್ಟಿಗೆಗೆ ನುಗ್ಗಿದರು. ಅವನು ಯಂತ್ರ ಒತ್ತಿದ. ತೂತು ಬಿತ್ತು. ತೂಗುಗುಂಡು ಇಳಿಬಿಟ್ಟಂತೆ, ನೆಟ್ಟಗೆ. ಜನ್ಮದಲ್ಲಿ ಮೊದಲ ಸಲ.

ಓರ್ವಿಲ್ ಹೆಬ್ಬೆರಳಿಟ್ಟು ತೆಗೆದ. “ಇದು ಮರ್ಲ್‌ದಲ್ಲ.”

“ಅರ್ಧ ಬೆರಳು ಹಿಂದಕ್ಕೆ,” ಎಂದಿತು ಬಾಗಿಲಿನಿಂದ ಒಂದು ದನಿ.

ಎಲ್ಡನ್. ಕಿತ್ತಳೆ ಕೋಟಿನಲ್ಲಿ. ಅವನು ಒಳಗೆ ಬಂದು, ಅಳತೆಯನ್ನೂ ಇಡದೆ, ಯಂತ್ರದ ಕತ್ತಿನ ಸ್ಕ್ರೂವನ್ನು ಅರ್ಧ ಸುತ್ತು ಸಡಿಲಿಸಿದ. ಒತ್ತಿದ. ಓರ್ವಿಲ್‌ನ ಹೆಬ್ಬೆರಳು ಇಳಿದು ಕೂತಿತು. ಅವನ ಕಣ್ಣಲ್ಲಿ ನೀರು.

“ಇದೇ! ಇದೇ ಮರ್ಲ್‌ದು! ಅದ್ಹೇಗೋ ನಿಂಗೆ ನೆನಪು?”

“ಇಪ್ಪತ್ತು ವರ್ಷ ನಾನೂ ಬೆರಳಿಟ್ಟಿಲ್ವ, ಓರ್ವಿಲ್? ಮರೆಯೋಕಾಗುತ್ತಾ?”

ಡೆಲ್ಮರ್ ಆ ಸ್ಕ್ರೂವನ್ನೇ ನೋಡುತ್ತಿದ್ದ. ಯಂತ್ರ ಸಡಿಲ ಇತ್ತು ಎಂದರೆ ಯಾರು ನಂಬುತ್ತಾರೆ? ಎಲ್ಲ ನಂದೇ ಎಂದು ದೇವರಾಣೆ ಹಾಕಿದವನೇ ಅವನು.

“ಮೊಣಕಾಲು ಹೇಗಿದೆಯೋ ಈಗ?” ಓರ್ವಿಲ್ ಕೇಳಿದ. “ಹಾಸಿಗೆ ಒಂದು ಖಾಲಿ ಇದೆ. ದಾರೀಲಿ ನಿನ್ನ ಮಗನ ವಿಷಯಾನೂ ಮಾತಾಡೋಣ.”

“ಇವತ್ತೇನೋ ಪರವಾಗಿಲ್ಲ,” ಎಂದ ಎಲ್ಡನ್. ಆಮೇಲೆ ಡೆಲ್ಮರ್ ಕಡೆ ಕೈಚಾಚಿದ. “ಆ ಆರನೇದು ಕೊಡು ಮಗಾ. ಈ ನೇರದ್ದನ್ನ ಮುಚ್ಚಬೇಕಲ್ಲ.”

ಡೆಲ್ಮರ್ ಜೇಬಿನಿಂದ ತೆಗೆದು ಕೊಟ್ಟ. ಬಿರಡೆ ಸರಿಯಾಗಿ ಕೂತಿತು.

ಮುದುಕ ಹದಿನೆಂಟರ ಹುಡುಗನಂತೆ ಗಾಡಿ ಹತ್ತಿದ. ಬೇಲಿಯ ಮೇಲಿನಿಂದ ವೀಡಾ ಹೊಗೆ ಬಿಟ್ಟಳು. “ಅವನ ಚೀಲ ಬೆಳಿಗ್ಗೆ ಏಳಕ್ಕೇ ಜಗಲಿ ಮೇಲಿತ್ತಲ್ಲೋ. ನೀನು ಯಂತ್ರ ಕೇಳೋಕೆ ಹೋದಾಗ ನೋಡ್ಲಿಲ್ವ?”

ಗಾಡಿಯ ಕಿಟಕಿಯಿಂದ ಎಲ್ಡನ್ ಕೂಗಿದ:

“ಯಂತ್ರ ಒರೆಸಿಡೋ, ಮಗಾ! ಸ್ಕ್ರೂ ಬಿಗಿ ಮಾಡಿ!”

ಡೆಲ್ಮರ್ ಒಳಗೆ ಹೋಗಿ ಬಿಗಿ ಮಾಡಿದ.