ಹತ್ತು ಕುರಿಗೆ ಒಂದೇ ಗೆರೆ

ಇದನ್ನು ಬರೆಯದಿರಲು ಮೂರು ವರ್ಷದಿಂದ ನೆಪ ಹುಡುಕಿದ್ದೇನೆ. ಕನ್ನಡಕ ಸರಿಯಿಲ್ಲ ಅಂದೆ, ಹೊಸ ಕನ್ನಡಕ ಬಂತು. ಪೆನ್ನಿಲ್ಲ ಅಂದೆ, ಮೊಮ್ಮಗಳು ಒಂದು ಡಬ್ಬಿ ಪೆನ್ನು ತಂದಿಟ್ಟಳು. ಇನ್ನು ಬರೆಯಲೇಬೇಕು. ಆದರೆ ಇದು ಯಾರ ಕಥೆಯೋ ಅವಳ ಹೆಸರು ಮಾತ್ರ ಹೇಳಲಾರೆ. ನನ್ನ ಅಕ್ಕನ ಮಗಳು, ಈ ಲೋಕದಲ್ಲಿ ಕರಗಿಸಿ ನೋಡಬಾರದ ವಸ್ತುವೇ ಇಲ್ಲವೆಂದು ನಂಬಿದವಳು ಅಂದರೆ ಸಾಕು.

ಕೂಡ್ಲಿಗಿಯಲ್ಲಿ ಬಸ್ಸಿಳಿದು ನಮ್ಮ ಮನೆಗೆ ಬಂದರೆ ಅವಳು ಮನುಷ್ಯರ ಆರೋಗ್ಯ ಕೇಳುವುದಿಲ್ಲ. ಕುರಿಗಳದ್ದು ಕೇಳುತ್ತಾಳೆ, ಅವುಗಳ ಅಜ್ಜಿಯರದ್ದೂ ಸೇರಿಸಿ! ಬೀಗರ ಮನೆಯ ಮದುವೆಯಲ್ಲಿ ವಧೂವರರನ್ನು ಬಿಟ್ಟು ಹಿತ್ತಲಿನ ಟಗರಿನ ಜೊತೆ ಫೋಟೋ ತೆಗೆಸಿಕೊಂಡಳು. ಒಮ್ಮೆ ನನ್ನ ಹೆಂಡತಿಯ ತುಪ್ಪದ ಡಬ್ಬಿಗೆ ಥರ್ಮಾಮೀಟರ್ ಇಟ್ಟು ಕೂತಿದ್ದಳು. ತುಪ್ಪಕ್ಕೂ ಜ್ವರ ಬರುತ್ತದೆಯೇ?

ಓದುತ್ತಿದ್ದ ಪಶುವೈದ್ಯ ಕಾಲೇಜಿನಲ್ಲಿ ಅವಳ ಕೆಲಸವೂ ಕರಗಿಸುವುದೇ. ಕುರಿಯ ರಕ್ತದಿಂದ ಡಿಎನ್‌ಎ ತೆಗೆದು, ಬೇಕಾದ ತುಂಡನ್ನು ಲಕ್ಷಗಟ್ಟಲೆ ಮಾಡಿ, ಹೊಳೆಯುವ ಬಣ್ಣ ಬೆರೆಸಿ, ಚೂರುಚೂರೇ ಕಾಯಿಸುತ್ತಾರಂತೆ. ಹೆಣೆದುಕೊಂಡ ಅದರ ಎರಡೆಳೆ ಬಿಚ್ಚಿಕೊಳ್ಳುತ್ತ ಹೋದಂತೆ ಹೊಳಪು ಇಳಿಯುತ್ತದೆ. ಯಂತ್ರ ಅದನ್ನು ಗೆರೆ ಎಳೆದು ತೋರಿಸುತ್ತದೆ. ಅವಳಿ ಮರಿ ಹಾಕುವ ಗುಣವಿದ್ದರೆ ಆ ಗೆರೆಯೇ ಬೇರೆ.

"ಅತ್ತಿ ತುಪ್ಪಕ್ಕ ಡಾಲ್ಡಾ ಬೆರೆಸಿದ್ರ ಕರಗೋವಾಗ ಗೊತ್ತಾಗ್ತೈತಲ್ಲ ಮಾಮ, ಹಂಗ," ಅಂದಳು. ಆ ದಿನ ನನ್ನ ಹೆಂಡತಿ ಅವಳಿಗೆ ತುಪ್ಪ ಬಡಿಸಲಿಲ್ಲ.

ಅವಳ ಓದು ಮುಗಿಯಲು ನಮ್ಮ ಹಿಂಡಿನ ಹತ್ತು ಕುರಿಗಳ ರಕ್ತ ಬೇಕಿತ್ತು. ಕಿವಿ ಚುಚ್ಚುವುದನ್ನು ನನಗೆ ಕಲಿಸಿ, ರಕ್ತದ ಹನಿ ಒತ್ತಲು ಹತ್ತು ದಪ್ಪ ಚೀಟಿ ಕೊಟ್ಟು, ಅವಳು ಕೊಟ್ಟೂರಿನ ಕಡೆಯ ಹಿಂಡಿಗೆ ಹೋದಳು.

ಈಗ ತಪ್ಪೊಪ್ಪಿಗೆ. ಮೊದಲ ಟಗರು ನನ್ನನ್ನು ಬೇಲಿಗೆ ಒಗೆಯಿತು. ಎರಡನೆಯದು ಕೈಗೇ ಸಿಗಲಿಲ್ಲ. ಪಕ್ಕದಲ್ಲಿ ನಮ್ಮ ಕರಿಮುಖದ ಸಾಧು ಕುರಿ ಮೆಲುಕು ಹಾಕುತ್ತ ನಿಂತಿತ್ತು. ಎಲ್ಲ ಕುರಿಯ ರಕ್ತವೂ ಕೆಂಪೇ ತಾನೇ? ಹತ್ತು ಚೀಟಿಗೂ ಅದರ ಕಿವಿಯೇ ಆಯಿತು!

ತಿಂಗಳಾದ ಮೇಲೆ ಅವಳ ಫೋನು. ಹತ್ತಕ್ಕೆ ಹತ್ತೂ ಅವಳಿಯ ಗೆರೆಯಂತೆ, ಒಂದರ ಮೇಲೊಂದು ಕೂತಿವೆಯಂತೆ! ಅವಳ ಮೇಷ್ಟ್ರಿಗೆ ಅನುಮಾನ ಬಂತು. ತಾವೇ ರಕ್ತ ತೆಗೆಸಿ ಮತ್ತೆ ಪರೀಕ್ಷೆ ಮಾಡಿದರೆ ಆ ಗೆರೆ ಬಂದದ್ದು ಕರಿಮುಖದ ಕುರಿ ಒಂದಕ್ಕೇ. ಅವಳನ್ನೂ ಕರೆದುಕೊಂಡು ನಮ್ಮ ಅಂಗಳಕ್ಕೇ ಬಂದು ಕೇಳಿದರು, ಮೊದಲ ಸಲ ರಕ್ತ ತೆಗೆದವರು ಯಾರೆಂದು.

"ನಾನೇ ಸರ್. ಒಂದೇ ಕುರಿಯ ರಕ್ತ ಎಲ್ಲ ಚೀಟಿಗೂ ಒತ್ತಿಬಿಟ್ಟೆ," ಅಂದಳು. ನನ್ನ ಕಡೆ ನೋಡಲಿಲ್ಲ.

ನಾನು ಏನಂದೆ ಗೊತ್ತೇ? ಚಹಾ ಆರುತ್ತದೆ, ಕುಡಿಯಿರಿ ಅಂದೆ. ಅಷ್ಟೇ. ಅವಳ ಓದು ಒಂದು ವರ್ಷ ಹಿಂದೆ ಬಿತ್ತು.

ಮರುವರ್ಷ ಅದೇ ನಗು ಹೊತ್ತು ಬಂದಳು. "ಮಾಮ, ಈ ಸಲ ನೀ ಹಿಡಿ ಸಾಕು. ಚುಚ್ಚೋದು ನಾನು."

ಮೊನ್ನೆ ಬೆಳಿಗ್ಗೆ ಕರಿಮುಖದ ಕುರಿ ಮತ್ತೆ ಅವಳಿ ಹಾಕಿತು. ತಪ್ಪೊಪ್ಪಿಕೊಳ್ಳಲು ಇದೇ ಸಮಯವೆಂದು, ಹೆಂಡತಿಗೂ ತಿಳಿಸದೆ, ಮೊದಲು ಅವಳಿಗೇ ಫೋನ್ ಮಾಡಿದೆ.

"ಹೇಳು ಮಾಮ."

ಆ ಹತ್ತು ಚೀಟಿಯ ವಿಷಯ ಹೇಳಲೆಂದೇ ಬಾಯಿ ತೆರೆದೆ.

"ಎರಡೂ ಹೆಣ್ಣು," ಅಂದೆ.

"ಗೊತ್ತೈತಿ ಬಿಡು, ಮಾಮ," ಅಂದಳು.