ನಮ್ಮೂರ ಹಳ್ಳಕ್ಕೆ ಬೋರ್ಡಿನ ಸೇತುವೆ

ಜಿಲ್ಲಾ ಬೋರ್ಡಿನ ಮೆಂಬರಾದವನು ನಗುವುದಕ್ಕೆ ನಾಟಕ ನೋಡಬೇಕಾಗಿಲ್ಲ. ಒಂದು ಮೀಟಿಂಗಿಗೆ ಹೋಗಿ ಬಂದರೆ ಸಾಕು. ಆದರೆ ನಾನು ನಗಲೆಂದು ಹೋದವನಲ್ಲ. ನಂದಗುಡಿ ಕಡೆಯ ನಮ್ಮೂರಿಗೂ ಆಸ್ಪತ್ರೆಗೂ ನಡುವೆ ಒಂದು ಹಳ್ಳ. ಯುದ್ಧ ನಡೆಯುತ್ತಿದ್ದ ಕಾಲ. ಒಂದು ಮಳೆಗಾಲದಲ್ಲಿ ಹಳ್ಳ ತುಂಬಿ, ನನ್ನ ತಮ್ಮನ ಹೆಂಡತಿ ದಡದಲ್ಲಿ ನಿಂತ ಗಾಡಿಯಲ್ಲೇ ಹೆತ್ತಳು. ತಾಯಿ, ಮಗು ಉಳಿದದ್ದು ದೇವರ ದಯೆ. ಕೊಡೆ ಹಿಡಿದು ನಿಂತಿದ್ದ ನನಗೆ ಎಷ್ಟು ಹೊಟ್ಟೆ ಉರಿಯಿತೆಂದರೆ, ಬೋರ್ಡಿನ ಚುನಾವಣೆಗೇ ನಿಂತುಬಿಟ್ಟೆ. ಗೆದ್ದೆ. ಸೇತುವೆ ಆಗುವ ತನಕ ಯಾರನ್ನೂ ಸುಮ್ಮನೆ ಬಿಡುವುದಿಲ್ಲ ಎಂದು ಹಠ ಹಿಡಿದೆ.

ಒಗ್ಗರಣೆ

ಬೋರ್ಡಿನ ಕ್ರಮ ಹೀಗೆ: ಮೆಂಬರು ವಿಷಯ ಎತ್ತಬೇಕು, ಓವರ್‌ಸಿಯರು ಸ್ಥಳ ನೋಡಿ ವರದಿ ಕೊಡಬೇಕು, ಆಮೇಲೆ ಸಭೆ ಕೈ ಎತ್ತಬೇಕು. ಸಭೆಯಲ್ಲಿ ಇಷ್ಟು ಜನ ಇರಲೇಬೇಕೆಂಬ ಕೋರಂ ಬೇರೆ. ನನ್ನ ವಿಷಯ ಯಾವಾಗಲೂ ಕೊನೆಗೆ. ಅಷ್ಟರಲ್ಲಿ ಉಪ್ಪಿಟ್ಟು, ಕಾಫಿ ಬರುತ್ತಿತ್ತು. ತಿಂದವರೆಲ್ಲ ದೊಡ್ಡಬಳ್ಳಾಪುರದ ಬಸ್ಸು, ನೆಲಮಂಗಲದ ಬಸ್ಸು ಅಂತ ಎದ್ದು ಹೋಗುತ್ತಿದ್ದರು. ಅಧ್ಯಕ್ಷರು ಖಾಲಿ ಕುರ್ಚಿ ನೋಡಿ, "ಕೋರಂ ಇಲ್ಲ, ಮುಂದಿನ ಸಭೆಗೆ ನೋಡೋಣ" ಅನ್ನುತ್ತಿದ್ದರು.

ಕೊನೆಗೆ ನಾನು ಅಡುಗೆ ಭಟ್ಟರನ್ನು ಹಿಡಿದೆ. "ಸ್ವಾಮಿ, ನನ್ನ ವಿಷಯ ಮುಗಿಯೋ ತನಕ ಉಪ್ಪಿಟ್ಟು ಕಳಿಸ್ಬೇಡಿ."

ಭಟ್ಟರು ಮಾತಿಗೆ ನಿಂತರು. ಒಳಗಿನಿಂದ ಒಗ್ಗರಣೆಯ ವಾಸನೆ ಮಾತ್ರ ಬರುತ್ತಿತ್ತು. ನೇಕಾರರ ಕಡೆಯ ಮೆಂಬರೊಬ್ಬರು ತಡೆಯಲಾರದೆ ಎದ್ದರು. "ಅಧ್ಯಕ್ಷರೇ, ಇವರ ಹಳ್ಳ ತಪಾಸಣೆ ಮಾಡಿಸ್ಬಿಡಿ. ಬೇಕಾದ್ರೆ ಎರಡು ಸಲ ಮಾಡಿಸಿ. ಉಪ್ಪಿಟ್ಟು ಆರೋಗ್ತಾ ಐತೆ!"

ಓವರ್‌ಸಿಯರ ನ್ಯಾಯ

ಓವರ್‌ಸಿಯರು ಬೇಸಿಗೆಯಲ್ಲಿ ಸೈಕಲ್ಲಿನಲ್ಲಿ ಬಂದರು. ಹಳ್ಳದ ಮಧ್ಯೆ ಒಣ ಮರಳಿನ ಮೇಲೆ ನಿಂತು ಸುತ್ತ ನೋಡಿದರು.

"ನೀರೇ ಇಲ್ವಲ್ರೀ! ಇದಕ್ಯಾಕೆ ಸೇತುವೆ?"

"ಮಳೆಗಾಲದಲ್ಲಿ ಬನ್ನಿ ಸ್ವಾಮಿ, ಗೊತ್ತಾಗ್ತದೆ" ಅಂದೆ.

ಮಳೆಗಾಲದಲ್ಲಿ ಬರೀ ವರದಿ ಬಂತು: ವಿಪರೀತ ನೀರಿದ್ದುದರಿಂದ ಆಚೆ ದಡಕ್ಕೆ ಹೋಗಿ ಅಳತೆ ಮಾಡಲಾಗಲಿಲ್ಲ, ನೀರು ಇಳಿದ ಮೇಲೆ ನೋಡಲಾಗುವುದು. ಹೇಳಿದ ಹಾಗೆಯೇ ನೀರು ಇಳಿದ ಮೇಲೆ ಬಂದರು. ಮರಳಿನ ಮೇಲೆ ನಿಂತರು.

"ನಾನು ಹೋದ ಸಲಾನೇ ಹೇಳಿದ್ನಲ್ರೀ, ನೀರೇ ಇಲ್ಲ!"

ಎರಡು ದಡದ ಸಭೆ

ಅಷ್ಟರಲ್ಲಿ ತಮ್ಮನ ಹೆಂಡತಿ ಮತ್ತೆ ಬಸುರಿಯಾದಳು. ಹೆರಿಗೆ ಮುಂದಿನ ಮಳೆಗಾಲಕ್ಕೆ. ನನಗೆ ನಿದ್ದೆ ಹತ್ತಲಿಲ್ಲ. ಗಾಡಿಯಲ್ಲಿ ಹುಟ್ಟಿದ ಮಗುವಿಗೆ ಕಿವಿ ಚುಚ್ಚುವ ಶಾಸ್ತ್ರವಿತ್ತು. ಊಟಕ್ಕೆ ಅಧ್ಯಕ್ಷರನ್ನೇ ಕರೆದೆ. ಪಂಚೆ ಮೊಣಕಾಲಿಗೆ ಎತ್ತಿಕೊಂಡು ಆರಾಮವಾಗಿ ಹಳ್ಳ ದಾಟಿ ಬಂದರು. ಹೋಳಿಗೆ ಬಡಿಸುವ ಹೊತ್ತಿಗೆ ಕಾಲವಲ್ಲದ ಕಾಲದಲ್ಲಿ ಜೋರು ಮಳೆ ಹಿಡಿಯಿತು. ಎಲೆ ಎತ್ತುವುದರೊಳಗೆ ಹಳ್ಳ ಎರಡೂ ದಡ ಮುಟ್ಟಿತ್ತು. ಅಧ್ಯಕ್ಷರು ನಮ್ಮಲ್ಲೇ ಉಳಿದರು.

ಮಾರನೆಯ ದಿನ ಬೋರ್ಡಿನ ಸಭೆ. ಅಧ್ಯಕ್ಷರು ಕಾಣದಿದ್ದಾಗ ಮೆಂಬರುಗಳೆಲ್ಲ, ಯುದ್ಧಕಾಲದಲ್ಲಿ ಪೆಟ್ರೋಲು ಸಿಗದೆ ಇದ್ದಿಲು ಹಾಕಿ ಓಡಿಸುತ್ತಿದ್ದ ಬಸ್ಸಿನಲ್ಲಿ ಹುಡುಕಿಕೊಂಡು ಬಂದು, ಆಚೆ ದಡದಲ್ಲಿ ಸಾಲಾಗಿ ನಿಂತರು.

"ಅಧ್ಯಕ್ಷರೇ, ಮೀಟಿಂಗು!"

ನನ್ನ ಪಂಚೆ ಉಟ್ಟುಕೊಂಡಿದ್ದ ಅಧ್ಯಕ್ಷರಿಗೆ ಮನೆ ಸೇರುವ ಆತುರ, ಮೈಯೆಲ್ಲ ಸಿಟ್ಟು. "ಕೋರಂ ಐತಲ್ಲ? ಇಲ್ಲೇ ಮಾಡೋಣ!" ಎಂದು ಕೂಗಿದರು. ಇಂಥ ಹೊತ್ತು ಮತ್ತೆ ಸಿಕ್ಕೀತೆ? ತಕ್ಷಣ ಸೇತುವೆಯ ವಿಷಯ ಎತ್ತಿದೆ.

"ಒಪ್ಪಿಗೆ ಇರೋರು ಕೈ ಎತ್ರಪ್ಪಾ!" ಅಂದರು ಅಧ್ಯಕ್ಷರು.

ಆಚೆ ದಡದಲ್ಲಿ ಕೈಗಳು ಮೇಲೆದ್ದವು. ನೆಲಮಂಗಲದ ಕಡೆಯ ಮೆಂಬರೊಬ್ಬರು ಮಾತ್ರ ಕೈ ಕಟ್ಟಿಕೊಂಡೇ ನಿಂತಿದ್ದರು. ಅವರಿಗೆ ಮೊದಲು ತಮ್ಮೂರಿಗೆ ರಸ್ತೆ ಆಗಬೇಕಿತ್ತು.

"ನಂದು ಆಕ್ಷೇಪಣೆ ಐತೆ!" ಎಂದು ಕೂಗಿದರು.

ಒಬ್ಬರ ಆಕ್ಷೇಪಣೆ ಬಂದರೂ ವಿಷಯ ಮತ್ತೆ ಮುಂದಿನ ಸಭೆಗೆ ಹೋಗುತ್ತಿತ್ತು. ಅಧ್ಯಕ್ಷರು ನೀರಿನ ಅಂಚಿಗೆ ಹೋಗಿ ನಿಂತರು.

"ಆಕ್ಷೇಪಣೆ ಇದ್ದೋರು ಅಧ್ಯಕ್ಷರ ಮುಂದೆ ಬಂದು ಹೇಳ್ಬೇಕು ಕಣಪ್ಪಾ. ದಾಟ್ಕೊಂಡು ಬಾ!"

ಆ ಮೆಂಬರು ನೀರನ್ನು ನೋಡಿದರು, ಅಧ್ಯಕ್ಷರನ್ನು ನೋಡಿದರು, ಮತ್ತೆ ನೀರನ್ನು ನೋಡಿದರು. ಆಮೇಲೆ ಎರಡೂ ಕೈ ಎತ್ತಿದರು.